‘ಯಾರ ರಸ್ತೆ?’: ನಗರದ ನಕ್ಷೆ ಮತ್ತು ನೆಲದ ಮೂಲದವರು

ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ನಗರದಲ್ಲಿ ಸ್ಟ್ಯಾನ್ಲಿ ಪಾರ್ಕ್ ಎಂಬ ದೊಡ್ಡ ಉದ್ಯಾನವಿದೆ. ಮೂರು ಕಡೆ ನೀರು, ಒಳಗೆ ಎತ್ತರದ ಸೀಡರ್ ಮರಗಳು, ಸುತ್ತಲೂ ಹಾಯಾದ ರಸ್ತೆ. 1888ರಲ್ಲಿ ಇದು ಸಾರ್ವಜನಿಕರಿಗೆ ತೆರೆಯಿತು. ಆ ರಸ್ತೆಗೆ ಅಳತೆ ಮಾಡಲು ಸರ್ವೆಯವರು ಬಂದ ದಿನ ಏನಾಯಿತು ಎಂಬುದನ್ನು ಆಗಸ್ಟ್ ಜ್ಯಾಕ್ ಖಾತ್ಸಾಲಾನೊ ಎಂಬ ಸ್ಕ್ವಾಮಿಷ್ ಬುಡಕಟ್ಟಿನ ಹಿರಿಯರು ಎಷ್ಟೋ ದಶಕಗಳ ನಂತರ ನಗರದ ಮೊದಲ ದಾಖಲೆಪಾಲಕರ ಮುಂದೆ ಹೇಳಿ ಬರೆಸಿದ್ದಾರೆ. ಆಗ ಅವರಿನ್ನೂ ಹುಡುಗ. ಮನೆಮಂದಿ ಒಳಗೆ ಕೂತು ಉಣ್ಣುತ್ತಿದ್ದರು. ಹೊರಗಿನಿಂದ ಕೊಡಲಿಯ ಸದ್ದು ಕೇಳಿತು. ಯಾರೋ ಮನೆಯ ಮೂಲೆಯನ್ನೇ ಕಡಿಯುತ್ತಿದ್ದರು. ಎಲ್ಲರೂ ಎದ್ದು ಹೊರಗೆ ಬಂದರು. ಅವರಲ್ಲಿ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿದ್ದುದು ಸೋದರಿಗೆ ಮಾತ್ರ. ಯಾಕೆ ಹೀಗೆ ಮಾಡುತ್ತಿದ್ದೀರಿ ಎಂದು ಅವಳು ಕೇಳಿದಳು. ರಸ್ತೆಗೆ ಅಳೆಯುತ್ತಿದ್ದೇವೆ ಎಂದರು. ‘ಯಾರ ರಸ್ತೆ?’ ಎಂದು ಕೇಳಿದಳು.

ಒಂದು ದಿನ ಇಲ್ಲಿ ಸುತ್ತಲೂ ಒಳ್ಳೆಯ ರಸ್ತೆ ಆಗುತ್ತದೆ ಎಂಬ ಉತ್ತರ ಬಂತು. ಅವಳು ಕೇಳಿದ್ದು ಅದನ್ನಲ್ಲ.

ಆ ರಸ್ತೆಗೆ ಮೇಲುಹಾಸಾಗಿ ಹಾಕಿದ್ದು ಬಿಳಿ ಚಿಪ್ಪು. ಅದೇ ಉದ್ಯಾನದೊಳಗೆ ಖ್ವೈಖ್ವೈ ಎಂಬ ಹಳ್ಳಿಯಿತ್ತು. ತಲೆಮಾರುಗಳ ಕಾಲ ಅಲ್ಲಿನವರು ತಿಂದು ಬಿಟ್ಟ ಕಪ್ಪೆಚಿಪ್ಪುಗಳ ದಿಬ್ಬವನ್ನು ಅಗೆದು ರಸ್ತೆಗೆ ಹಾಸಿದರು. ಒಂದು ಹಳ್ಳಿ ಅಲ್ಲಿ ಎಷ್ಟು ಕಾಲ ಬಾಳಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಇರಲಿಲ್ಲ. ಆ ಸಾಕ್ಷಿಯ ಮೇಲೆ ಗಾಡಿ ಓಡಾಡಿದವು. 1920ರ ದಶಕದಲ್ಲಿ ಒಂದು ಕಡೆ ಉದ್ಯಾನದೊಳಗೆ ಉಳಿದಿದ್ದ ಕುಟುಂಬಗಳನ್ನು ಎಬ್ಬಿಸಲು ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು, ಇನ್ನೊಂದು ಕಡೆ ನೋಡುಗರಿಗಾಗಿ ದೂರದ ಬೇರೆ ಬುಡಕಟ್ಟುಗಳ ಕೆತ್ತನೆ ಕಂಬಗಳನ್ನು ತರಿಸಿ ಅದೇ ಉದ್ಯಾನದಲ್ಲಿ ನಿಲ್ಲಿಸುತ್ತಿದ್ದರು. ಅಂಥ ಕಂಬ ನಿಲ್ಲಿಸುವುದು ಸ್ಕ್ವಾಮಿಷರೂ ಸೇರಿದ ಆ ಕರಾವಳಿಯ ಸಾಲಿಷ್ ಜನರ ಸಂಪ್ರದಾಯವೂ ಆಗಿರಲಿಲ್ಲ. ನಗರಕ್ಕೆ ಮೂಲನಿವಾಸಿಯ ಗುರುತು ಬೇಕಿತ್ತು, ಮೂಲನಿವಾಸಿ ಬೇಕಿರಲಿಲ್ಲ.

ನಗರ ಯೋಜನೆಯ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಮೆಟ್ರೊ, ಮೇಲ್ಸೇತುವೆ, ಚರಂಡಿ, ಲೇಔಟ್‌ಗಳ ಬಗ್ಗೆ ಮಾತಾಡುತ್ತೇವೆ. ಅವೆಲ್ಲ ಬೇಕು. ಆದರೆ ಅವಕ್ಕೆಲ್ಲ ಮೊದಲು ಒಂದು ಖಾಲಿ ಹಾಳೆ ಇರುತ್ತದೆ. ಆ ಹಾಳೆ ಖಾಲಿಯಾದದ್ದು ಹೇಗೆ? ಕಳೆದ ಮೂವತ್ತು ವರ್ಷಗಳಿಂದ ಯೋಜನಾ ಸಿದ್ಧಾಂತದಲ್ಲಿ ನಡೆಯುತ್ತಿರುವ ಬಹುಮುಖ್ಯ ಜಗಳ ಈ ಪ್ರಶ್ನೆಯದ್ದು. ಸ್ಕ್ವಾಮಿಷರು ಇಂದು ವ್ಯಾಂಕೂವರ್‌ನ ನಡುಮಧ್ಯೆ ಕಟ್ಟಿಸುತ್ತಿರುವ ಗಗನಚುಂಬಿಗಳು ಆ ಜಗಳವನ್ನು ಪುಸ್ತಕದಿಂದ ಬೀದಿಗೆ ತಂದಿವೆ.

ಖಾಲಿ ಮಾಡುವ ಕೆಲಸಕ್ಕೆ ಹಳೆಯ ಚರಿತ್ರೆಯಿದೆ. ಸ್ಪೇನ್ ದೊರೆ ಎರಡನೇ ಫಿಲಿಪ್ 1573ರಲ್ಲಿ ಹೊರಡಿಸಿದ ಕಟ್ಟಳೆಗಳು ಅಮೆರಿಕ ಖಂಡದಲ್ಲಿ ಊರು ಹೇಗೆ ಕಟ್ಟಬೇಕೆಂದು ಹೇಳಿದವು: ನಡುವೆ ಚೌಕ, ಅಲ್ಲಿಂದ ಹೊರಡುವ ನೇರ ಬೀದಿಗಳು. ಅಮೆರಿಕ ಸಂಯುಕ್ತ ಸಂಸ್ಥಾನ 1785ರ ಭೂ ಕಾಯ್ದೆಯಲ್ಲಿ ಪಶ್ಚಿಮದ ನೆಲವನ್ನೆಲ್ಲ ಆರು ಮೈಲಿಗೆ ಆರು ಮೈಲಿಯ ಚೌಕಗಳಾಗಿ ಕೊಯ್ಯಲು ಹೊರಟಿತು. ಕೆಳಗೆ ಬೆಟ್ಟವಿದೆಯೋ ನದಿಯಿದೆಯೋ, ಯಾರ ಬೇಟೆಯ ಹಾದಿಯಿದೆಯೋ, ಗೆರೆಗೆ ಅದರ ಲೆಕ್ಕವಿರಲಿಲ್ಲ. 1837ರಲ್ಲಿ ಕರ್ನಲ್ ವಿಲಿಯಂ ಲೈಟ್ ಆಸ್ಟ್ರೇಲಿಯಾದ ಅಡಿಲೇಡ್ ನಗರಕ್ಕೆ ಗೆರೆ ಹಾಕಿದ. ಸುತ್ತಲೂ ಹಸಿರು ಪಟ್ಟಿ ಇರುವ ಆ ವಿನ್ಯಾಸವನ್ನು ಯೋಜನಾ ಶಾಲೆಗಳಲ್ಲಿ ಇಂದಿಗೂ ಮೆಚ್ಚಿ ಪಾಠ ಮಾಡುತ್ತಾರೆ. ಆ ಜಾಗಕ್ಕೆ ಕೌರ್ನಾ ಜನ ತಾರ್ನ್‌ತಾನ್ಯ ಎನ್ನುತ್ತಿದ್ದರು ಎಂಬುದು ಪಾಠಕ್ಕೆ ಸೇರಿದ್ದು ಬಹಳ ತಡವಾಗಿ. ಆಸ್ಟ್ರೇಲಿಯಾ ಯಾರಿಗೂ ಸೇರದ ನೆಲವಾಗಿತ್ತು ಎಂಬ ಕಾನೂನಿನ ಕಟ್ಟುಕತೆ ಬಿದ್ದದ್ದು 1992ರ ಮಾಬೊ ತೀರ್ಪಿನಲ್ಲಿ.

ಇದು ನಮಗೆ ದೂರದ ಮಾತೇನೂ ಅಲ್ಲ. ಪಹಣಿ ಹಿಡಿದು ತಾಲೂಕು ಕಚೇರಿಗೆ ಅಲೆದವರಿಗೆಲ್ಲ ‘ಖರಾಬು’ ಎಂಬ ಪದ ಗೊತ್ತು. ಖರಾಬು ಎಂದರೆ ಕೆಟ್ಟದ್ದು. ಸಾಗುವಳಿಗೆ ಬಾರದ್ದು ‘ಎ’ ಖರಾಬು. ದಾರಿ, ಹಳ್ಳ, ಕೆರೆ, ಸ್ಮಶಾನವೆಂದು ಬಿಟ್ಟದ್ದು ‘ಬಿ’ ಖರಾಬು. ದನ ಮೇಯುವ, ಸೌದೆ ಆಯುವ, ಸತ್ತವರನ್ನು ಮಣ್ಣು ಮಾಡುವ ಜಾಗ ಕಂದಾಯ ಹುಟ್ಟಿಸುವುದಿಲ್ಲವಾದ್ದರಿಂದ ದಫ್ತರದಲ್ಲಿ ಅದು ಕೆಟ್ಟ ಜಾಗ. ಆಸ್ಟ್ರೇಲಿಯಾದ ಸರ್ವೆಯವನೂ ಕಂದಾಯ ಇಲಾಖೆಯ ಸರ್ವೆಯವನೂ ಬೇರೆ ಬೇರೆ ಕಾನೂನು ಹಿಡಿದು ಬಂದವರು, ನೆಲವನ್ನು ನೋಡಿದ ಕಣ್ಣು ಮಾತ್ರ ಒಂದೇ. ಉತ್ತದ್ದು, ಬೇಲಿ ಹಾಕಿದ್ದು, ತೆರಿಗೆ ಕೊಟ್ಟದ್ದು ಕಾಣುತ್ತದೆ, ಉಳಿದದ್ದು ಬೀಳು. ಒಮ್ಮೆ ಬೀಳು ಎಂದು ಬರೆದ ಮೇಲೆ ಅಲ್ಲಿ ಸ್ಟೇಡಿಯಂ, ಬಸ್ ನಿಲ್ದಾಣ, ಲೇಔಟ್ ಯಾವುದನ್ನು ಬೇಕಾದರೂ ಕಟ್ಟಬಹುದು. ಆ ಹೊತ್ತಿಗೆ ಬರುವ ನಗರ ಯೋಜಕ ಒಳ್ಳೆಯ ಮನಸ್ಸಿನವನೇ ಇರಬಹುದು. ಅವನ ಮೇಜಿಗೆ ಬರುವ ನಕ್ಷೆಯಲ್ಲಿ ಅನ್ಯಾಯ ಆಗಲೇ ಮುಗಿದುಹೋಗಿರುತ್ತದೆ.

ಈಗ ಆ ಗಗನಚುಂಬಿಗಳು ಏಳುತ್ತಿರುವ ಸೆನಾಕ್‌ಗೆ ಬರೋಣ. ಸ್ಟ್ಯಾನ್ಲಿ ಪಾರ್ಕಿನಿಂದ ಸ್ವಲ್ಪ ದೂರದಲ್ಲಿ, ಫಾಲ್ಸ್ ಕ್ರೀಕ್ ಎಂಬ ಸಮುದ್ರದ ಕೊರಕಲಿನ ದಕ್ಷಿಣ ದಡದಲ್ಲಿದ್ದ ಸ್ಕ್ವಾಮಿಷ್ ಹಳ್ಳಿ ಅದು. ಎದುರಿಗಿದ್ದ ಮರಳ ದಿಬ್ಬದಲ್ಲಿ ಮೀನಿಗೆ ತಡೆ ಕಟ್ಟುತ್ತಿದ್ದರು. ಆ ದಿಬ್ಬವೇ ಇಂದು ಪ್ರವಾಸಿಗರು ಮುಗಿಬೀಳುವ ಗ್ರ್ಯಾನ್‌ವಿಲ್ ಐಲ್ಯಾಂಡ್. ಪಕ್ಕದ ಸಿರಿವಂತ ಬಡಾವಣೆ ಕಿಟ್ಸಿಲಾನೊಗೆ ಹೆಸರು ಬಂದದ್ದು ಆಗಸ್ಟ್ ಜ್ಯಾಕ್ ಅವರ ತಾತನಿಂದ. 1869ರಲ್ಲಿ ವಸಾಹತು ಸರ್ಕಾರ ಆ ಹಳ್ಳಿಯನ್ನು ‘ಮೀಸಲು’, ಅಂದರೆ ಮೂಲನಿವಾಸಿಗಳಿಗೆಂದು ಬಿಟ್ಟ ನೆಲ, ಎಂದು ಗುರುತಿಸಿತು; 1877ರಲ್ಲಿ ಅದು ಸುಮಾರು 80 ಎಕರೆಗೆ ಹಿಗ್ಗಿತು. ಸುತ್ತಲಿನ ಅಷ್ಟೂ ನೆಲ ಹೋಗಿ ಉಳಿದದ್ದು ಇಷ್ಟು, ಅದಕ್ಕೂ ನೆಮ್ಮದಿ ಇರಲಿಲ್ಲ. 1886ರಲ್ಲಿ ವ್ಯಾಂಕೂವರ್ ನಗರ ಅಧಿಕೃತವಾಗಿ ಹುಟ್ಟಿತು. ಅದೇ ವರ್ಷ ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿ ಹಳಿ ಹಾಕಲು ಮೀಸಲಿನ ಒಂದು ಭಾಗವನ್ನು ಸ್ವಾಧೀನ ಮಾಡಿಕೊಂಡಿತು. 1902ರಲ್ಲಿ ಇನ್ನೊಂದಷ್ಟು.

1911ರಲ್ಲಿ ಕೆನಡಾ ಸಂಸತ್ತು ಅಲ್ಲಿನ ಮೂಲನಿವಾಸಿಗಳಿಗೆ ಅನ್ವಯಿಸುವ ಇಂಡಿಯನ್ ಕಾಯ್ದೆಗೆ ಒಂದು ತಿದ್ದುಪಡಿ ತಂದಿತು. ನಗರ ಯೋಜನೆಗೂ ಮೂಲನಿವಾಸಿಗಳಿಗೂ ಇರುವ ಸಂಬಂಧವನ್ನು ಒಂದೇ ಸಾಲಿನಲ್ಲಿ ಹೇಳು ಎಂದರೆ ನಾನು ಈ ತಿದ್ದುಪಡಿಯನ್ನು ತೋರಿಸುತ್ತೇನೆ. 8,000 ಜನಸಂಖ್ಯೆ ಮೀರಿದ ಪಟ್ಟಣಕ್ಕೆ ಒಂದು ಮೀಸಲು ನೆಲ ಅಂಟಿಕೊಂಡಿದ್ದರೆ, ಅಲ್ಲಿನವರು ಒಪ್ಪಲಿ ಬಿಡಲಿ, ನ್ಯಾಯಾಧೀಶರ ಅಪ್ಪಣೆ ಪಡೆದು ಅವರನ್ನು ಬೇರೆಡೆಗೆ ಸಾಗಿಸಬಹುದು ಎಂದು ಅದು ಹೇಳಿತು. ಊರು ಬೆಳೆದಂತೆ ಆದಿವಾಸಿ ದೂರ ಸರಿಯಬೇಕು ಎಂಬ ನಂಬಿಕೆಗೆ ಜನಗಣತಿಯ ಅಂಕಿ ಕೊಟ್ಟು ಕಾನೂನು ಮಾಡಿದ್ದು ಅದು. ಮೂಲನಿವಾಸಿ ಕಾಡಿನವನು, ಹಳ್ಳಿಯವನು, ಹಿಂದಿನ ಕಾಲದವನು. ನಗರ ಅವನ ಜಾಗವಲ್ಲ. ಈ ಮಾತನ್ನು ಇಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಷ್ಟೋ ಯೋಜನೆಗಳ ಒಳಗೆ ಅದು ಇನ್ನೂ ಕೂತಿದೆ.

ಸೆನಾಕ್‌ನಲ್ಲಿ ಆ ಕಾನೂನನ್ನು ಬಳಸುವ ತಾಳ್ಮೆಯನ್ನೂ ಯಾರೂ ತೋರಲಿಲ್ಲ. 1913ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರ ಕುಟುಂಬದ ಹಿರಿಯರಿಗೆ ತಲಾ ಸುಮಾರು 11 ಸಾವಿರ ಡಾಲರ್ ಎಂದು ಗೊತ್ತುಮಾಡಿ ಜಾಗ ಬಿಡಲು ಒತ್ತಡ ಹಾಕಿತು. ಮೀಸಲು ನೆಲ ಕೊಳ್ಳುವ ಅಧಿಕಾರ ಪ್ರಾಂತ್ಯಕ್ಕೆ ಇರಲಿಲ್ಲ. ಸುಮಾರು ಇಪ್ಪತ್ತು ಕುಟುಂಬಗಳನ್ನು ದೋಣಿಗೆ ಹತ್ತಿಸಿ ಕಳಿಸಿದರು. ಅವರ ಹಿಂದೆಯೇ ಮನೆಗಳನ್ನು ಸುಟ್ಟರು.

ಆಮೇಲೆ ಯೋಜಕರು ಬಂದರು. ಸೇಂಟ್ ಲೂಯಿಯ ಹೆಸರಾಂತ ಯೋಜಕ ಹಾರ್ಲೆಂಡ್ ಬಾರ್ತೊಲೊಮ್ಯೂ ಅವರ ಸಂಸ್ಥೆ ತಯಾರಿಸಿದ ವ್ಯಾಂಕೂವರ್‌ನ ಮೊದಲ ಸಮಗ್ರ ಯೋಜನೆ 1929ರಲ್ಲಿ ಪ್ರಕಟವಾಯಿತು. ಬೀದಿ, ಟ್ರಾಮು, ಬಂದರು, ವಲಯ ನಿಯಮ, ಉದ್ಯಾನ ಎಲ್ಲವನ್ನೂ ಅಚ್ಚುಕಟ್ಟಾಗಿ ಲೆಕ್ಕ ಹಾಕಿದ ಕೆಲಸ. ಕಿಟ್ಸಿಲಾನೊ ಮೀಸಲು ಅದರಲ್ಲಿ ಒಂದು ಉದ್ಯಾನದ ಜಾಗವಾಗಿ ಕಾಣಿಸಿಕೊಂಡಿತು. ಅದು ಒಂದು ಸಮುದಾಯದ ನೆಲ ಎಂಬುದು ಯೋಜಕರಿಗೆ ಗೊತ್ತಿತ್ತು; ಅದನ್ನು ನಗರ ತನ್ನದು ಮಾಡಿಕೊಳ್ಳಬೇಕು ಎಂಬ ಊಹೆಯ ಮೇಲೆಯೇ ಹಸಿರು ಬಣ್ಣ ಬಳಿದರು. ಕೆನಡಾದ ಇತಿಹಾಸಕಾರ ಜೋರ್ಡನ್ ಸ್ಟ್ಯಾಂಗರ್-ರಾಸ್ ಇದನ್ನು ನಗರಸಭೆಯ ವಸಾಹತುಶಾಹಿ ಎಂದು ಕರೆದಿದ್ದಾರೆ. ದೊರೆ, ಸಂಸತ್ತು, ಸೈನ್ಯ ಮಾಡುವ ವಸಾಹತುಶಾಹಿ ನಮಗೆ ಗೊತ್ತು. ಉದ್ಯಾನ ಸಮಿತಿ, ಎಂಜಿನಿಯರ್, ವಲಯ ನಕ್ಷೆಗಳ ಮೂಲಕ ನಡೆಯುವುದು ಸದ್ದಿಲ್ಲದ್ದು, ಮತ್ತು ಹೆಚ್ಚು ಕಾಲ ಬಾಳುವಂಥದ್ದು. 1932ರಲ್ಲಿ ಬರಾರ್ಡ್ ಸೇತುವೆ ಆ ನೆಲದ ಮೇಲೆಯೇ ಹಾದುಹೋಯಿತು. 1946ರಿಂದ 1965ರ ನಡುವೆ ಕೇಂದ್ರ ಸರ್ಕಾರ ಮೀಸಲಿನ ಉಳಿದ ಭಾಗಗಳನ್ನು ತುಂಡು ತುಂಡಾಗಿ ಮಾರಿತು. ಇಂದು ಅಲ್ಲಿ ವೇನಿಯರ್ ಪಾರ್ಕ್ ಇದೆ, ನಗರದ ವಸ್ತುಸಂಗ್ರಹಾಲಯವಿದೆ.

ಇಷ್ಟೆಲ್ಲ ನಡೆಯುವಾಗ ಯೋಜನಾ ಸಿದ್ಧಾಂತ ಏನು ಮಾಡುತ್ತಿತ್ತು? ನ್ಯಾಯವಾಗಿ ಹೇಳಬೇಕೆಂದರೆ ಅದರೊಳಗೂ ಬೇರೆ ದನಿಗಳಿದ್ದವು. 1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್, ಹಳೆಯ ಪೇಟೆಗಳನ್ನು ಒಡೆದು ನೇರ ರಸ್ತೆ ಬಿಡುವ ಎಂಜಿನಿಯರ್‌ಗಳ ಹುರುಪನ್ನು ಕಟುವಾಗಿ ವಿರೋಧಿಸಿದರು. ಊರಿನ ಗಲ್ಲಿಗಲ್ಲಿ ನಡೆದು ನೋಡಿ, ಆಮೇಲೆ ಯೋಜನೆ ಹಾಕಿ ಎಂದರು. ಆದರೆ ಮುಖ್ಯ ಹರಿವು ಬೇರೆಯೇ ಇತ್ತು. ಇಪ್ಪತ್ತನೆಯ ಶತಮಾನದ ನಡುವಿನ ತನಕ ಯೋಜನೆ ತನ್ನನ್ನು ತಾನು ವಿಜ್ಞಾನವೆಂದು ನಂಬಿತ್ತು: ಅಂಕಿಅಂಶ ಕಲೆಹಾಕು, ಪರ್ಯಾಯಗಳನ್ನು ತೂಗು, ಒಳ್ಳೆಯದನ್ನು ಆರಿಸು. ಯಾರಿಗೆ ಒಳ್ಳೆಯದು ಎಂಬ ಪ್ರಶ್ನೆಗೆ ‘ಸಾರ್ವಜನಿಕ ಹಿತ’ ಎಂಬ ಸಿದ್ಧ ಉತ್ತರವಿತ್ತು. 1969ರಲ್ಲಿ ಅಮೆರಿಕದ ಷೆರ್ರಿ ಆರ್ನ್‌ಸ್ಟೀನ್ ಅದಕ್ಕೊಂದು ಪೆಟ್ಟು ಕೊಟ್ಟರು. ಜನರ ಪಾಲ್ಗೊಳ್ಳುವಿಕೆಯನ್ನು ಅವರು ಎಂಟು ಮೆಟ್ಟಿಲಿನ ಏಣಿಯಾಗಿ ಚಿತ್ರಿಸಿದರು. ಕೆಳಗೆ ಜನರನ್ನು ಆಡಿಸುವುದು. ನಡುವೆ ತಿಳಿಸುವುದು, ಅಭಿಪ್ರಾಯ ಕೇಳುವುದು, ಸಮಾಧಾನ ಪಡಿಸುವುದು. ಮೇಲೆ ಪಾಲುದಾರಿಕೆ, ಅಧಿಕಾರ, ಕೊನೆಗೆ ಪ್ರಜೆಯ ಕೈಯಲ್ಲಿ ಹಿಡಿತ. ನಮ್ಮ ಊರುಗಳ ಅಹವಾಲು ಸಭೆಗೆ ಹೋಗಿ ಬಂದವರಿಗೆ ತಾವು ಯಾವ ಮೆಟ್ಟಿಲಲ್ಲಿ ನಿಂತಿದ್ದೇವೆಂದು ಬಿಡಿಸಿ ಹೇಳಬೇಕಿಲ್ಲ.

ಆ ಏಣಿ ದೊಡ್ಡ ಕೊಡುಗೆ. ಆದರೆ ಮೂಲನಿವಾಸಿಗಳ ವಿಚಾರದಲ್ಲಿ ಅದು ಕೊನೆ ಮುಟ್ಟುವುದಿಲ್ಲ ಎಂದು ನನಗನ್ನಿಸುತ್ತದೆ. ಏಣಿ ಒರಗಿರುವ ಗೋಡೆ ಯಾರದ್ದು ಎಂದು ಅದು ಕೇಳುವುದಿಲ್ಲ. ಮೇಲಿನ ಮೆಟ್ಟಿಲಿಗೆ ಹತ್ತಿದ ಪ್ರಜೆಯೂ ಅದೇ ನಗರಸಭೆಯ, ಅದೇ ರಾಜ್ಯದ ಪ್ರಜೆ. ಸ್ಕ್ವಾಮಿಷರು ಹೇಳುವುದೇ ಬೇರೆ: ನಾವು ನಿಮ್ಮ ಯೋಜನೆಯಲ್ಲಿ ಪಾಲು ಕೇಳಲು ಬಂದವರಲ್ಲ, ಈ ನೆಲಕ್ಕೆ ಯೋಜನೆ ಹಾಕುವ ಹಕ್ಕು ನಮ್ಮದಾಗಿತ್ತು, ಅದನ್ನು ಬಿಟ್ಟುಕೊಟ್ಟಿಲ್ಲ. ಒಂದು ಜನಾಂಗವನ್ನು ವ್ಯಾಪಾರಿ ಸಂಘ, ನಿವಾಸಿಗಳ ಸಂಘದ ಜೊತೆ ಸಾಲಿನಲ್ಲಿ ಕೂರಿಸಿ ‘ನಿಮ್ಮ ಅಭಿಪ್ರಾಯ ಹೇಳಿ’ ಎನ್ನುವುದು ಎಷ್ಟೇ ಸೌಜನ್ಯದಿಂದ ನಡೆದರೂ ಆ ಹಕ್ಕನ್ನು ಅಳಿಸುವ ಕ್ರಿಯೆಯೇ.

1990ರ ದಶಕದಲ್ಲಿ ಇಸ್ರೇಲಿನ ಓರೆನ್ ಯಿಫ್ಟಾಕೆಲ್, ನೆಗೆವ್ ಮರುಭೂಮಿಯ ಬೆದುಯಿನ್ ಅರಬರ ಸ್ಥಿತಿಯನ್ನೂ ಕಣ್ಣೆದುರಿಟ್ಟುಕೊಂಡು, ಯೋಜನೆಗೆ ಒಂದು ಕತ್ತಲ ಮುಖವಿದೆ ಎಂದು ಬರೆದರು. ಸುಧಾರಣೆಯ ಉಪಕರಣಗಳೇ ಒಂದು ಗುಂಪನ್ನು ಹದ್ದುಬಸ್ತಿನಲ್ಲಿಡುವ ಉಪಕರಣಗಳೂ ಆಗುತ್ತವೆ ಎಂಬುದು ಅವರ ವಾದ. ಆಸ್ಟ್ರೇಲಿಯಾದ ಲಿಬ್ಬಿ ಪೋರ್ಟರ್ ಇನ್ನೂ ಮುಂದೆ ಹೋಗಿ, ವಸಾಹತುಶಾಹಿ ಎಂಬುದು ಯೋಜನೆಗೆ ಹೊರಗಿನಿಂದ ಅಂಟಿದ ಕೊಳೆಯಲ್ಲ, ಅದರ ಸಂಸ್ಕೃತಿಯೇ ಅಲ್ಲಿ ರೂಪುಗೊಂಡದ್ದು ಎಂದರು. ನ್ಯೂಜಿಲೆಂಡಿನ ಮಾವೊರಿ ಚಿಂತಕ ಹಿರಿನಿ ಮಾಟುಂಗಾ ಮಾತನ್ನು ಬೇರೆ ತುದಿಯಿಂದ ಹಿಡಿದರು. ಯೋಜನೆ ಬಿಳಿಯರು ತಂದದ್ದೆಂದು ಯಾರು ಹೇಳಿದ್ದು? ಯಾವ ಕಣಿವೆಯಲ್ಲಿ ಯಾವ ಕುಲ ಇರಬೇಕು, ಮೀನು ಯಾವಾಗ ಹಿಡಿಯಬೇಕು, ಯಾವ ದಿಬ್ಬವನ್ನು ಮುಟ್ಟಬಾರದು ಎಂದು ತಲೆಮಾರುಗಳ ಮುಂದಿನ ತನಕ ಯೋಚಿಸಿ ತೀರ್ಮಾನಿಸುತ್ತಿದ್ದ ಜನ ಮಾಡುತ್ತಿದ್ದದ್ದೂ ಯೋಜನೆಯೇ.

ಅವರದೇ ನಾಡಿನ ಆಕ್ಲೆಂಡ್‌ನಲ್ಲಿ ಇದಕ್ಕೆ ತಿರುಗುಮುರುಗಾದ ಉದಾಹರಣೆಯಿದೆ. ಓಕಾಹು ಕೊಲ್ಲಿಯ ದಡದಲ್ಲಿದ್ದ ನ್ಗಾತಿ ಫಾಟುವಾ ಒರಾಕೆಯಿ ಜನರ ಹಳ್ಳಿಯ ಮುಂದೆಯೇ 1910ರ ದಶಕದಲ್ಲಿ ನಗರದ ಒಳಚರಂಡಿ ಕೊಳವೆ ಹಾಕಿದರು. ಊರಿಗೂ ಸಮುದ್ರಕ್ಕೂ ನಡುವೆ ನಗರದ ಹೊಲಸಿನ ಗೋಡೆ ಎದ್ದಿತು. ನಗರದ ಆರೋಗ್ಯಕ್ಕಾಗಿ ಎಂಜಿನಿಯರ್‌ಗಳು ಮಾಡಿದ ಒಳ್ಳೆಯ ಕೆಲಸ ಅದು. ಚಿಪ್ಪು ಆಯ್ದು ಬದುಕುತ್ತಿದ್ದ ಹಳ್ಳಿಗೆ ಅದು ವಿಷ. 1952ರ ಹೊತ್ತಿಗೆ, ಬ್ರಿಟನ್ ರಾಣಿಯ ಭೇಟಿಗೆ ಮುಂಚೆ, ಕಣ್ಣಿಗೆ ಚೆನ್ನಾಗಿಲ್ಲವೆಂದು ಆ ಹಳ್ಳಿಯನ್ನು ಸುಟ್ಟು ಜನರನ್ನು ಗುಡ್ಡದ ಮೇಲಿನ ಸರ್ಕಾರಿ ಬಾಡಿಗೆ ಮನೆಗಳಿಗೆ ಸಾಗಿಸಿದರು. ಅವರ ಮಕ್ಕಳು 1977ರಲ್ಲಿ ಅದೇ ಗುಡ್ಡದಲ್ಲಿ ಸಿರಿವಂತರ ಮನೆ ಕಟ್ಟುವ ಯೋಜನೆಯ ವಿರುದ್ಧ 506 ದಿನ ನೆಲ ಹಿಡಿದು ಕೂತರು. 1978ರ ಮೇ 25ರಂದು ಪೊಲೀಸರು, ಸೈನಿಕರು ಬಂದು 222 ಜನರನ್ನು ಬಂಧಿಸಿದರು. ಆ ನೆಲ ಮುಂದಿನ ದಶಕದಲ್ಲಿ ಅವರಿಗೆ ಮರಳಿತು.

ಸೆನಾಕ್ ಮರಳಿದ ದಾರಿ ಬೇರೆ. ರೈಲು ಕಂಪನಿ ನೆಲ ಪಡೆದದ್ದು ಹಳಿ ಹಾಕಲು. ರೈಲು ನಿಂತ ಮೇಲೆ ಕಂಪನಿ ಅದನ್ನು ಮಾರಲು ಹೊರಟಾಗ ಸ್ಕ್ವಾಮಿಷರು ಕೋರ್ಟಿಗೆ ಹೋದರು. ಯಾವ ಉದ್ದೇಶಕ್ಕೆ ಸ್ವಾಧೀನವಾಗಿತ್ತೋ ಆ ಉದ್ದೇಶ ಮುಗಿದರೆ ನೆಲ ಮೀಸಲಿಗೇ ವಾಪಸ್ಸು ಎಂದು ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯ 2002ರಲ್ಲಿ ಒಪ್ಪಿತು. 80 ಎಕರೆಯಲ್ಲಿ ಸುಮಾರು ಹತ್ತೂವರೆ ಎಕರೆ 2003ರಲ್ಲಿ ಕೈಗೆ ಬಂತು. ಅದೂ ಹಳಿಯ ಆಕಾರದ್ದೇ: ಸೇತುವೆಯ ಬುಡದಲ್ಲಿ ಬಳುಕಿ ಸಾಗುವ ಸೊಟ್ಟ ಪಟ್ಟಿ. ಅದಕ್ಕೂ ಮುಂಚೆ, 2000ದಲ್ಲಿ, ಕಳೆದುಕೊಂಡ ನೆಲದ ದಾವೆಗಳಿಗಾಗಿ ಕೇಂದ್ರ ಸರ್ಕಾರದೊಂದಿಗೆ 9.25 ಕೋಟಿ ಡಾಲರ್‌ಗಳ ರಾಜಿ ಆಗಿತ್ತು. ಇದೇ ನೆಲದ ಮೇಲೆ ನೆರೆಯ ಮಸ್ಕ್ವಿಯಮ್ ಮತ್ತು ಸ್ಲೇಲ್-ವಾಟುತ್ ಜನರೂ ಹಕ್ಕು ಸಾಧಿಸಿದ್ದರು, ಕೋರ್ಟು ಒಪ್ಪಲಿಲ್ಲ. ಹಿಂದೆ ಹಂಚಿಕೊಂಡು ಬಾಳುತ್ತಿದ್ದ ಕರಾವಳಿಯನ್ನು ಗಡಿಕಲ್ಲು ನೆಟ್ಟು ಒಬ್ಬರಿಗೆ ಮಾತ್ರ ಕೊಡುವ ಕಾನೂನಿನಲ್ಲಿ ಮೂಲನಿವಾಸಿಗಳೇ ಪರಸ್ಪರ ಎದುರಾಳಿಗಳಾಗಬೇಕಾಗುತ್ತದೆ. ಈ ಕಹಿಯನ್ನು ಮರೆತು ಸೆನಾಕ್ ಅನ್ನು ಹೊಗಳುವುದು ಸರಿಯಲ್ಲ.

ಹತ್ತೂವರೆ ಎಕರೆಯಲ್ಲಿ ಏನು ಮಾಡುವುದು? 2019ರ ಡಿಸೆಂಬರಿನಲ್ಲಿ ಸ್ಕ್ವಾಮಿಷ್ ಸದಸ್ಯರು ಮತ ಹಾಕಿದರು, ಶೇ. 87ರಷ್ಟು ಒಪ್ಪಿಗೆ. 11 ಗೋಪುರಗಳು, ಕೆಲವು 50 ಮಹಡಿಗೂ ಮೀರಿದವು, ಒಟ್ಟು ಸುಮಾರು 6,000 ಬಾಡಿಗೆ ಮನೆಗಳು. ಮನೆಗಳ ಸಂಖ್ಯೆಗೆ ಹೋಲಿಸಿದರೆ ಕಾರು ನಿಲ್ಲಿಸುವ ಜಾಗ ತೀರ ಕಡಿಮೆ. ನೆಲವನ್ನು ಮಾರುವುದಿಲ್ಲ, ಗುತ್ತಿಗೆಗೆ ಕೊಡುವುದು ಮಾತ್ರ. ಮೊದಲ ಹಂತಗಳಿಗೆ 2022ರಲ್ಲಿ ಕೇಂದ್ರದ ವಸತಿ ನಿಗಮ 140 ಕೋಟಿ ಡಾಲರ್ ಸಾಲ ಕೊಟ್ಟಿತು. ಆ ನಿಗಮದ ಇತಿಹಾಸದಲ್ಲೇ ಅದು ಅತಿ ದೊಡ್ಡ ಸಾಲ.

ಇಲ್ಲಿ ಒಂದು ಸಂಗತಿಯನ್ನು ಗಮನವಿಟ್ಟು ನೋಡಬೇಕು. ಮೀಸಲು ನೆಲಕ್ಕೆ ವ್ಯಾಂಕೂವರ್ ನಗರದ ವಲಯ ನಿಯಮ ಅನ್ವಯವಾಗುವುದಿಲ್ಲ. ಎಷ್ಟು ಎತ್ತರ, ಎಷ್ಟು ಮನೆ, ಎಷ್ಟು ಪಾರ್ಕಿಂಗ್ ಎಂಬುದನ್ನು ಸ್ಕ್ವಾಮಿಷ್ ಆಡಳಿತವೇ ತೀರ್ಮಾನಿಸುತ್ತದೆ. ಪಕ್ಕದ ಕಿಟ್ಸಿಲಾನೊ ಪಾಯಿಂಟ್ ಗಿಡಮರಗಳ ನಡುವೆ ಕುಳ್ಳ ಮನೆಗಳ ಪ್ರಶಾಂತ ಬಡಾವಣೆ. ಅದನ್ನು ಹಾಗೆಯೇ ಉಳಿಸಿದ್ದೂ ಯೋಜನೆಯೇ: ದಶಕಗಳ ಕಾಲ ನಗರದ ಬಹುಪಾಲು ವಸತಿ ನೆಲವನ್ನು ಒಂಟಿ ಮನೆಗಳಿಗೆ ಕಾದಿಟ್ಟ ವಲಯ ನಿಯಮ. ನೀರು, ಚರಂಡಿ, ಅಗ್ನಿಶಾಮಕ ಸೇವೆಗಾಗಿ ನಗರವೂ ಸ್ಕ್ವಾಮಿಷರೂ 2022ರಲ್ಲಿ ಒಪ್ಪಂದ ಮಾಡಿಕೊಂಡಾಗ, ನಮ್ಮನ್ನು ಕೇಳಲಿಲ್ಲ ಎಂದು ಅಲ್ಲಿನ ನಿವಾಸಿಗಳ ಸಂಘ ಕೋರ್ಟಿಗೆ ಹೋಯಿತು. 2023ರಲ್ಲಿ ಅರ್ಜಿ ವಜಾ ಆಯಿತು. ನೆರೆಹೊರೆಯವರ ಆತಂಕ ಸುಳ್ಳಲ್ಲ. ಸಾವಿರಾರು ಜನ ಒಮ್ಮೆಗೇ ಬಂದು ನೆಲೆಸಿದರೆ ಬೀದಿ ಬದಲಾಗುತ್ತದೆ. ಆದರೆ ಒಪ್ಪಿಗೆ ಕೇಳದೆ ಊರು ಬದಲಾಯಿಸಿದರು ಎಂಬ ದೂರು ಆ ಜಾಗದಲ್ಲಿ ಮೊದಲು ಹೊರಟದ್ದು ಯಾರ ಬಾಯಿಂದ ಎಂಬುದನ್ನೂ ನೆನೆಯಬೇಕಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ ಆಕ್ಷೇಪ ಇನ್ನೊಂದಿದೆ. ಕಾಂಕ್ರೀಟಿನ ಇಂಥ ಗೋಪುರ ಕಟ್ಟುವುದು ಮೂಲನಿವಾಸಿಗಳ ರೀತಿಯಲ್ಲ ಎಂದು ನಗರದಲ್ಲಿ ಯೋಜನೆಯ ಬಗ್ಗೆ ತಿಳಿದ ಕೆಲವರೇ ಆಡಿದರು. ಪ್ರಕೃತಿಗೆ ಹತ್ತಿರವಾದ, ಮರದ ಉದ್ದಮನೆಗಳಂಥ ಏನನ್ನೋ ಅವರು ನಿರೀಕ್ಷಿಸಿದ್ದರು. ಸ್ಟ್ಯಾನ್ಲಿ ಪಾರ್ಕಿನ ಕಂಬಗಳ ಹಿಂದಿದ್ದ ಯೋಚನೆ ಇದರಲ್ಲಿ ಮರಳಿ ಬಂದಂತಿದೆ. ಆದಿವಾಸಿ ಹೇಗಿರಬೇಕು ಎಂಬುದನ್ನೂ ನಾವೇ ತೀರ್ಮಾನಿಸುತ್ತೇವೆ. ಅವನಿಗೆ ಹಕ್ಕು ಕೊಡುತ್ತೇವೆ, ನಮ್ಮ ಚಿತ್ರಕ್ಕೆ ಒಪ್ಪುವಂತೆ ಬಳಸಿದರೆ. ಸ್ವನಿರ್ಣಯ ಎಂದರೆ ಕೊಟ್ಟವರಿಗೆ ಇಷ್ಟವಾಗದ್ದನ್ನು ಆರಿಸಿಕೊಳ್ಳುವ ಹಕ್ಕೂ ಸೇರಿಯೇ. ಸುಮಾರು ನಾಲ್ಕು ಸಾವಿರ ಸದಸ್ಯರ ಒಂದು ಜನಾಂಗ, ಅವರಲ್ಲಿ ಎಷ್ಟೋ ಜನ ತಮ್ಮದೇ ನಾಡಿನಲ್ಲಿ ಮನೆ ಬಾಡಿಗೆ ಕಟ್ಟಲಾಗದವರು, ಮುಂದಿನ ತಲೆಮಾರುಗಳಿಗೆ ಆದಾಯ ಬೇಕೆಂದು ಗೋಪುರ ಆರಿಸಿಕೊಂಡರೆ ಅದು ಅವರ ಯೋಜನೆ.

ಹಾಗೆಂದು ಅದರ ಮಿತಿ ಮುಚ್ಚಿಡಬೇಕಿಲ್ಲ. ಸಾಲದ ಕಂತು ಕಟ್ಟಲು ಬಾಡಿಗೆ ಬರಬೇಕು, ಬಾಡಿಗೆ ಬರಲು ಮಾರುಕಟ್ಟೆ ದರ ಬೇಕು. ಇಷ್ಟು ದುಬಾರಿ ನಗರದಲ್ಲಿ ಅದರ ಬಹುಪಾಲು ಮನೆಗಳು ಬಡವರಿಗೆ ಸಿಗುವುದಿಲ್ಲ. ನಗರಸಭೆ 2014ರಲ್ಲಿ ತಾನು ನಿಂತಿರುವುದು ಮಸ್ಕ್ವಿಯಮ್, ಸ್ಕ್ವಾಮಿಷ್, ಸ್ಲೇಲ್-ವಾಟುತ್ ಜನರು ಎಂದೂ ಬಿಟ್ಟುಕೊಡದ ನೆಲದಲ್ಲಿ ಎಂದು ಔಪಚಾರಿಕವಾಗಿ ಒಪ್ಪಿಕೊಂಡಿತು. ಒಪ್ಪಿಕೊಂಡ ನೆಲ ಇಡೀ ನಗರ. ನಿರ್ಣಯದ ಅಧಿಕಾರ ಪೂರ್ತಿಯಾಗಿ ಮರಳಿದ್ದು ಇಂಥ ಕೆಲವೇ ಎಕರೆಗಳಲ್ಲಿ.

ಇದನ್ನೆಲ್ಲ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಬೆಂಗಳೂರಿನ ಸಂಪಂಗಿ ಕೆರೆ. ಅಲ್ಲಿ ಕರಗ ನಡೆಸುವ ತಿಗಳರು ಬುಡಕಟ್ಟಿನವರಲ್ಲ, ತೋಟಗಾರರು. ಸ್ಕ್ವಾಮಿಷರ ಕತೆಯನ್ನು ಅವರಿಗೆ ಹಾಗೇ ಹೊಂದಿಸುವುದು ತಪ್ಪಾಗುತ್ತದೆ. ಆದರೆ ನಕ್ಷೆ ಅಳಿಸಿದ್ದನ್ನು ಜನ ಹೇಗೆ ಉಳಿಸಿಕೊಳ್ಳುತ್ತಾರೆ ಎಂಬುದು ಅಲ್ಲಿ ಕಾಣುತ್ತದೆ. ಹೆಸರಘಟ್ಟದಿಂದ ನಲ್ಲಿ ನೀರು ಬಂದ ಮೇಲೆ ನಗರಕ್ಕೆ ಆ ಕೆರೆ ಬೇಡವಾಯಿತು. ಬತ್ತಿದ ಅಂಗಳದಲ್ಲಿ ಮುಂದೆ ಕಂಠೀರವ ಕ್ರೀಡಾಂಗಣ ಎದ್ದಿತು. ಅದರ ಮಗ್ಗುಲಲ್ಲಿ ಇಂದಿಗೂ ಒಂದು ಚಿಕ್ಕ ನೀರಿನ ಕುಂಟೆಯಿದೆ. ಉಳಿದಿರುವುದು ಕರಗಕ್ಕಾಗಿ. ಪ್ರತಿ ಚೈತ್ರದಲ್ಲಿ ಹಸಿ ಕರಗ ಅಲ್ಲಿಂದ ಹೊರಡುತ್ತದೆ. ಮಹಾಯೋಜನೆಯಲ್ಲಿ ಇಲ್ಲದ ಕೆರೆಯೊಂದು ಕರಗದ ಹಾದಿಯಲ್ಲಿ ಇನ್ನೂ ಇದೆ.

ಬುಡಕಟ್ಟು ಮತ್ತು ನಗರದ ನೇರ ಪ್ರಶ್ನೆ ನಮ್ಮ ದೇಶದಲ್ಲಿ ಗಟ್ಟಿಯಾಗಿ ಎದುರಾಗುವುದು ರಾಂಚಿಯಂಥ ಊರುಗಳಲ್ಲಿ. 1958ರಲ್ಲಿ ಅಲ್ಲಿನ ಹಟಿಯಾದಲ್ಲಿ ಭಾರೀ ಎಂಜಿನಿಯರಿಂಗ್ ನಿಗಮ ಸ್ಥಾಪನೆಯಾದಾಗ ನೆಲ ಬಿಟ್ಟವರು ಮುಂಡಾ ಮತ್ತು ಒರಾಂವ್ ಹಳ್ಳಿಗಳವರು. ಮುಂಡಾ ಹಳ್ಳಿಯಲ್ಲಿ ಪೂರ್ವಜರ ಸಮಾಧಿಗೆ ಹಾಸಿದ ಕಲ್ಲುಗಳೇ ಊರಿನ ಹಕ್ಕುಪತ್ರ. ನಮ್ಮ ಸರ್ವೆಯ ಬಾಂದುಕಲ್ಲು ಗಡಿ ಹೇಳಿದರೆ ಆ ಕಲ್ಲು ಯಾರು ಎಷ್ಟು ತಲೆಮಾರಿನಿಂದ ಇದ್ದಾರೆಂದು ಹೇಳುತ್ತದೆ. ಮಹಾಯೋಜನೆಯ ಬಣ್ಣದ ಪಟ್ಟಿಯಲ್ಲಿ ಅದಕ್ಕೊಂದು ಬಣ್ಣವಿಲ್ಲ.

ಕಾನೂನಿನಲ್ಲೂ ಒಂದು ದೊಡ್ಡ ಬಿರುಕಿದೆ, ನಗರ ಯೋಜನೆಯ ಚರ್ಚೆಗಳಲ್ಲಿ ಅದರ ಸುದ್ದಿಯೇ ಬರುವುದಿಲ್ಲ. ನಗರಸಭೆಗಳಿಗೆ ಸಂವಿಧಾನದ ಬಲ ಕೊಟ್ಟ 74ನೇ ತಿದ್ದುಪಡಿಯ 243ಝಡ್‌ಸಿ ವಿಧಿ, ಸಂವಿಧಾನದ ಈ ಭಾಗ ಪರಿಶಿಷ್ಟ ಪ್ರದೇಶಗಳಿಗೆ (ಐದನೇ ಅನುಸೂಚಿಯಡಿ ಗುರುತಿಸಿದ ಬುಡಕಟ್ಟು ಪ್ರದೇಶಗಳಿಗೆ) ಅನ್ವಯಿಸುವುದಿಲ್ಲ, ಬೇಕಿದ್ದರೆ ಸಂಸತ್ತು ಪ್ರತ್ಯೇಕ ಕಾನೂನಿನಿಂದ ವಿಸ್ತರಿಸಬಹುದು ಎನ್ನುತ್ತದೆ. ಪಂಚಾಯಿತಿಗಳಿಗೆ 1996ರಲ್ಲಿ ಅಂಥ ಕಾನೂನು, ಪೆಸಾ, ಬಂತು; ಗ್ರಾಮಸಭೆಗೆ ಅಧಿಕಾರ ಸಿಕ್ಕಿತು. ನಗರಗಳಿಗೆ 2001ರಲ್ಲಿ ಮಸೂದೆ ಮಂಡನೆಯಾಯಿತು, ಕಾನೂನಾಗಲೇ ಇಲ್ಲ. ಆದರೂ ರಾಂಚಿಯಲ್ಲಿ ನಗರಪಾಲಿಕೆಯಿದೆ, ರೂರ್ಕೆಲಾದಲ್ಲೂ ಇದೆ. ಪರಿಶಿಷ್ಟ ಪ್ರದೇಶದ ಹಳ್ಳಿಯೊಂದನ್ನು ನಗರ ಎಂದು ಅಧಿಸೂಚನೆ ಹೊರಡಿಸಿದ ದಿನ ಗ್ರಾಮಸಭೆ ಇಲ್ಲವಾಗುತ್ತದೆ, ಅದರ ಜಾಗಕ್ಕೆ ಏನೂ ಬರುವುದಿಲ್ಲ. ಕೆನಡಾದ 1911ರ ತಿದ್ದುಪಡಿ ಊರು ಬೆಳೆದರೆ ಜನರನ್ನೇ ಸಾಗಿಸು ಎಂದಿತ್ತು. ಇಲ್ಲಿ ಜನ ಅಲ್ಲೇ ಇರುತ್ತಾರೆ, ಬೇಡ ಎನ್ನುವ ಅವರ ಹಕ್ಕು ಹೋಗುತ್ತದೆ.

ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ. ಇಲ್ಲಿನ ಜೇನುಕುರುಬರ, ಸೋಲಿಗರ ಹಾಡಿಗಳಿಗೆ ಎದುರಾಗುವುದು ನಗರಪಾಲಿಕೆಯ ನಕ್ಷೆಗಿಂತ ಹುಲಿ ಯೋಜನೆಯ ನಕ್ಷೆ: ಕೋರ್, ಬಫರ್. ಗೆರೆ ಎಳೆಯುವ ಕ್ರಮ ಮಾತ್ರ ಅದೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಮ್ಮ ದೇವರ ತಾಣ, ಕಲ್ಲು, ಹಳ್ಳ, ಮರಗಳನ್ನು ಗುರುತಿಸುತ್ತ ತಮ್ಮದೇ ನಕ್ಷೆ ಮಾಡಿಕೊಂಡರು. 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯಿಂದ ಹಿಂದೆ ಹೊರಹಾಕಿಸಿಕೊಂಡಿದ್ದ ಜೇನುಕುರುಬ ಕುಟುಂಬಗಳು 2025ರ ಮೇ ತಿಂಗಳಲ್ಲಿ ಕಾಡಿನೊಳಗೆ ಮರಳಿ ನಡೆದು ತಮ್ಮ ಹಳೆಯ ಜಾಗದಲ್ಲಿ ಗುಡಿಸಲು ಹಾಕಲು ಹೊರಟವು. ಅವರ ಕೈಯಲ್ಲಿದ್ದದ್ದು ಅರಣ್ಯ ಹಕ್ಕು ಕಾಯ್ದೆಯಡಿ ಸಲ್ಲಿಸಿದ ಅರ್ಜಿ. ತೋರಿಸಿದ್ದು ಹಿರಿಯರ ಸಮಾಧಿ, ದೇವರ ತಾಣ.